ಮರುಮಾತಾಡದ ಪ್ರಿಂಟರ್

ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದ ನೆಟ್‌ವರ್ಕ್ ಪ್ರಿಂಟರ್ ಒಂದೇ ಬಗೆಯಲ್ಲಿ ಕೈಕೊಡುವುದಿಲ್ಲ. ಬೆಳಿಗ್ಗೆ ಚೆನ್ನಾಗಿ ಮುದ್ರಿಸಿದ್ದು ಮಧ್ಯಾಹ್ನ ಸುಮ್ಮನಾಗುತ್ತದೆ. ಕೆಲಸ ಮುಗಿಯಿತೆಂದು ಪರದೆ ಹೇಳುತ್ತದೆ, ತಟ್ಟೆಯಲ್ಲಿ ನೋಡಿದರೆ ಹಾಳೆಯೇ ಇಲ್ಲ. ಇನ್ನೊಮ್ಮೆ ಮೊನ್ನೆ ಕಳಿಸಿ ಮರೆತ ಪ್ರತಿಗಳೆಲ್ಲ ಇದ್ದಕ್ಕಿದ್ದಂತೆ ಒಂದರ ಹಿಂದೊಂದು ಹೊರಬೀಳುತ್ತವೆ. ಮೂರಕ್ಕೂ ಬೇರು ಹೆಚ್ಚುಕಡಿಮೆ ಒಂದೇ. ಕಂಪ್ಯೂಟರ್ ಕೊಟ್ಟ ಆಜ್ಞೆ ಪ್ರಿಂಟರಿಗೆ ಮುಟ್ಟಿದೆಯೇ, ಮುಟ್ಟಿದ್ದರೆ ಪ್ರಿಂಟರ್ ಏನೆಂದಿತು ಎಂಬ ಸುದ್ದಿ ನಡುದಾರಿಯಲ್ಲೆಲ್ಲೋ ತಪ್ಪಿಹೋಗಿರುತ್ತದೆ. ಪ್ರಿಂಟರ್ ಮರುಮಾತಾಡಲು ಕಲಿತದ್ದು ನಿಧಾನವಾಗಿ, ಸುಮಾರು ನಾಲ್ಕು ದಶಕಗಳಲ್ಲಿ. ಆ ಚರಿತ್ರೆ ಗೊತ್ತಿದ್ದರೆ ದೋಷ ಎಲ್ಲಿದೆಯೆಂದು ಹುಡುಕುವುದು ಅರ್ಧ ಸುಲಭ.

1980ರ ಸುಮಾರಿಗೆ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿದ್ದ ಪ್ರಿಂಟರ್ ಪದೇಪದೇ ಕಾಗದ ಸಿಕ್ಕಿಸಿಕೊಂಡು ನಿಲ್ಲುತ್ತಿತ್ತು. ಯಂತ್ರ ಒಂದು ಕಡೆ, ಕೆಲಸ ಮಾಡುವವರು ಇನ್ನೊಂದು ಕಡೆ. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಹಳೆಯ ಪ್ರಿಂಟರಿನ ತಂತ್ರಾಂಶ ತಿದ್ದಿ, ಕಾಗದ ಸಿಕ್ಕಿಕೊಂಡ ಕೂಡಲೇ ಸರದಿಯಲ್ಲಿ ಕಾದಿದ್ದವರ ಪರದೆಗೆ ಸುದ್ದಿ ಹೋಗುವಂತೆ ಮಾಡಿದ್ದರು. ಆಮೇಲೆ ಝೆರಾಕ್ಸ್ ಕೊಟ್ಟ ಹೊಸ ಲೇಸರ್ ಪ್ರಿಂಟರಿನ ಜೊತೆ ಮೂಲ ಸಂಕೇತ ಬರಲಿಲ್ಲ. ಅದನ್ನು ಬಲ್ಲ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಗೋಪ್ಯತೆಯ ಕರಾರಿನ ಕಾರಣಕ್ಕೆ ಕೊಡಲು ಒಪ್ಪಲಿಲ್ಲ. 1983ರ ಸೆಪ್ಟೆಂಬರ್ 27ರಂದು ಸ್ಟಾಲ್‌ಮನ್ ಮುಕ್ತ ತಂತ್ರಾಂಶದ ಗ್ನೂ ಯೋಜನೆ ಸಾರಿದ್ದರ ಹಿಂದೆ ಈ ಕಹಿಯೂ ಇತ್ತು. ಆ ಯೋಜನೆಯ ಉಪಕರಣಗಳ ಜೊತೆ 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಬರೆದ ಕರ್ನಲ್ ಸೇರಿ ಇಂದಿನ ಲಿನಕ್ಸ್ ಆಯಿತು. ಪ್ರಿಂಟರಿನ ಮೇಲಿನ ಸಿಟ್ಟೂ ಸೇರಿ ಹುಟ್ಟಿದ ವ್ಯವಸ್ಥೆಯಲ್ಲಿ ಪ್ರಿಂಟರೇ ಬಹುಕಾಲ ದುರ್ಬಲ ಅಂಗವಾಗಿ ಉಳಿದದ್ದು ವಿಚಿತ್ರ.

ಹೀಗಾದದ್ದಕ್ಕೆ ಕಾರಣವಿದೆ. ಮೊದಲ ಲಿನಕ್ಸ್‌ಗಳು ಬರ್ಕ್ಲಿ ಯುನಿಕ್ಸ್‌ನ ಎಲ್‌ಪಿಡಿ ಎಂಬ ಸರದಿ ವ್ಯವಸ್ಥೆಯನ್ನೇ ಎರವಲು ಪಡೆದವು. 1990ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 1179 ಎಂಬ ದಾಖಲೆಯಾಗಿ ಬರಹಕ್ಕಿಳಿದ ಅದರ ಶಿಷ್ಟಾಚಾರ 515ನೇ ಪೋರ್ಟ್‌ನಲ್ಲಿ ಕಡತವನ್ನು ಪ್ರಿಂಟರಿಗೆ ದಾಟಿಸಿ ಕೈತೊಳೆದುಕೊಳ್ಳುತ್ತದೆ. ಕಾಗದ ಮುಗಿಯಿತೇ, ಟೋನರ್ ಇದೆಯೇ ಎಂದು ಸರಿಯಾಗಿ ಹೇಳುವ ಏರ್ಪಾಡು ಅದರಲ್ಲಿಲ್ಲ. ಎಚ್‌ಪಿಯ ಜೆಟ್‌ಡೈರೆಕ್ಟ್ ಕಾರ್ಡುಗಳು ರೂಢಿಗೆ ತಂದ 9100ನೇ ಪೋರ್ಟ್ ಇನ್ನೂ ಸರಳ. ಅಲ್ಲಿ ಶಿಷ್ಟಾಚಾರವೇ ಇಲ್ಲ, ತೆರೆದ ಕೊಳವೆಗೆ ದತ್ತಾಂಶ ಸುರಿದರೆ ಆಯಿತು. ವೇಗ ಚೆನ್ನಾಗಿದೆ, ಆದರೆ ಬೈಟ್‌ಗಳು ಹೊರಟವೆಂಬುದನ್ನೇ ಕಂಪ್ಯೂಟರ್ ‘ಮುದ್ರಣ ಮುಗಿಯಿತು’ ಎಂದು ಓದಿಕೊಳ್ಳುತ್ತದೆ. ತಟ್ಟೆ ಖಾಲಿಯಿದ್ದರೂ ಪರದೆ ಮುಗಿಯಿತೆನ್ನುವ ರೋಗದ ಮೂಲ ಇದು.

ಭಾಷೆಯ ತೊಡಕು ಬೇರೆಯೇ. ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ತಿಳಿಯುವ ದುಬಾರಿ ಪ್ರಿಂಟರುಗಳಿಗೆ ಲಿನಕ್ಸ್ ಹೆಚ್ಚು ತೊಂದರೆ ಕೊಡಲಿಲ್ಲ. ಉಳಿದವಕ್ಕೆ ಪೀಟರ್ ಡಾಯ್ಚ್ 1988ರಲ್ಲಿ ಹೊರತಂದ ಘೋಸ್ಟ್‌ಸ್ಕ್ರಿಪ್ಟ್ ದುಭಾಷಿಯಾಯಿತು. ಕಷ್ಟ ಕೊಟ್ಟವು ಬುದ್ಧಿಯನ್ನೆಲ್ಲ ವಿಂಡೋಸ್ ಡ್ರೈವರಿನೊಳಗೆ ಬಚ್ಚಿಟ್ಟ ಅಗ್ಗದ ಯಂತ್ರಗಳು. ಭಾರತದ ಝೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಎಚ್‌ಪಿ ಲೇಸರ್‌ಜೆಟ್ 1020 ಅಂಥದ್ದು. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಅದರ ಫರ್ಮ್‌ವೇರ್ ಅನ್ನು ಕಂಪ್ಯೂಟರೇ ತುಂಬಿಕೊಡಬೇಕು, ಇಲ್ಲದಿದ್ದರೆ ಸುಮ್ಮನೆ ಕೂತಿರುತ್ತದೆ. ಕ್ಯಾನನ್ ಎಲ್‌ಬಿಪಿ 2900ರ ಲಿನಕ್ಸ್ ಡ್ರೈವರ್ 64 ಬಿಟ್ ಗಣಕದಲ್ಲೂ 32 ಬಿಟ್ ಲೈಬ್ರರಿಗಳನ್ನು ಬೇಡುತ್ತಿತ್ತು. ಯುಎಸ್‌ಬಿಯ ಈ ಯಂತ್ರಗಳನ್ನು ಒಂದು ಕಂಪ್ಯೂಟರಿಗೆ ತಗುಲಿಸಿ ನೆಟ್‌ವರ್ಕ್‌ನಲ್ಲಿ ಹಂಚಿಕೊಂಡರೆ ಕೆಡುವ ಜಾಗಗಳೂ ಎರಡಾಗುತ್ತವೆ.

ದಿಕ್ಕು ಬದಲಿಸಿದ್ದು ಕಪ್ಸ್ ಎಂಬ ಮುದ್ರಣ ವ್ಯವಸ್ಥೆ. ಮೈಕೆಲ್ ಸ್ವೀಟ್ ತಮ್ಮ ಈಸಿ ಸಾಫ್ಟ್‌ವೇರ್ ಪ್ರಾಡಕ್ಟ್ಸ್ ಕಂಪನಿಯಲ್ಲಿ 1997ರಲ್ಲಿ ಅದರ ಕೆಲಸ ಹಿಡಿದರು. ಎಲ್‌ಪಿಡಿಯ ಮೇಲೇ ಕಟ್ಟುವುದು ಮೊದಲ ಯೋಚನೆ. ಅದರ ಮಿತಿ ಕಂಡ ಮೇಲೆ ಆಗ ರೂಪುಗೊಳ್ಳುತ್ತಿದ್ದ ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್, ಅಂದರೆ ಐಪಿಪಿ, ಕಡೆಗೆ ತಿರುಗಿದರು. 1999ರಲ್ಲಿ ಕಪ್ಸ್ ಹೊರಬಂತು. 631ನೇ ಪೋರ್ಟ್‌ನಲ್ಲಿ ನಡೆಯುವ ಐಪಿಪಿಯಲ್ಲಿ ಪ್ರಿಂಟರ್ ತನ್ನ ಸ್ಥಿತಿಯನ್ನು ಕಾರಣಸಮೇತ ಹೇಳುತ್ತದೆ: ಕಾಗದ ಇಲ್ಲ, ಮುಚ್ಚಳ ತೆಗೆದಿದೆ, ಟೋನರ್ ಮುಗಿಯುತ್ತಿದೆ. ಸ್ಟಾಲ್‌ಮನ್ ಒಂದು ಯಂತ್ರಕ್ಕೆ ಮಾಡಿದ್ದನ್ನು ಇದು ಎಲ್ಲ ಯಂತ್ರಗಳಿಗೂ ನಿಯಮವಾಗಿಸಿತು. 2002ರಲ್ಲಿ ಆಪಲ್ ತನ್ನ ಮ್ಯಾಕ್‌ಗೆ ಕಪ್ಸ್ ಅಳವಡಿಸಿತು, 2007ರಲ್ಲಿ ಸ್ವೀಟ್ ಅವರನ್ನು ನೇಮಿಸಿಕೊಂಡು ಮೂಲ ಸಂಕೇತವನ್ನೂ ಕೊಂಡಿತು. 2010ರ ಏರ್‌ಪ್ರಿಂಟ್, 2013ರ ಐಪಿಪಿ ಎವೆರಿವೇರ್ ಎರಡಕ್ಕೂ ತಳಪಾಯ ಐಪಿಪಿಯೇ. ಇವನ್ನು ಬಲ್ಲ ಪ್ರಿಂಟರಿಗೆ ಪ್ರತ್ಯೇಕ ಡ್ರೈವರ್ ಬೇಕಿಲ್ಲ.

ಚೆನ್ನೈಗೂ ಈ ಚರಿತ್ರೆಗೂ ನಂಟಿದೆ. ಕೇಂದ್ರ ಸರ್ಕಾರ 2005ರಲ್ಲಿ ಮುಕ್ತ ತಂತ್ರಾಂಶಕ್ಕೊಂದು ರಾಷ್ಟ್ರೀಯ ಸಂಪನ್ಮೂಲ ಕೇಂದ್ರ ತೆರೆದದ್ದು ಇಲ್ಲಿ, ಸರ್ಕಾರಿ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮತ್ತು ಅಣ್ಣಾ ವಿಶ್ವವಿದ್ಯಾಲಯದ ಎಯು-ಕೆಬಿಸಿ ಸಂಶೋಧನಾ ಕೇಂದ್ರದ ಹೆಗಲ ಮೇಲೆ. ಡೆಬಿಯನ್ ಆಧರಿಸಿದ, ಕನ್ನಡವೂ ಸೇರಿ ಭಾರತೀಯ ಭಾಷೆಗಳನ್ನು ತಿಳಿಯುವ ಬಾಸ್ ಲಿನಕ್ಸ್ 2007ರಲ್ಲಿ ಸಿ-ಡ್ಯಾಕ್‌ನಿಂದ ಬಂತು. ತಮಿಳುನಾಡು ಸರ್ಕಾರ 2011ರಿಂದ ವಿದ್ಯಾರ್ಥಿಗಳಿಗೆ ಹಂಚಿದ ಉಚಿತ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಜೊತೆಗೆ ಬಾಸ್ ಇತ್ತು. 2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಯ ಬೆಂಬಲ ನಿಂತಾಗ ಸರ್ಕಾರಿ ಕಚೇರಿಗಳಿಗೂ ಬಾಸ್ ಬಳಸುವಂತೆ ಸೂಚನೆ ಹೋಯಿತು. ಹೀಗೆ ಲಿನಕ್ಸ್ ಪರಿಣತರ ಮೇಜಿನಿಂದ ಸಾಮಾನ್ಯರ ಕೈಗೆ ಬಂತು, ಜೊತೆಗೆ ಪ್ರಿಂಟರಿನ ತಕರಾರೂ ಬಂತು.

ಚೆನ್ನೈ ನಗರದ ಉತ್ತರಕ್ಕೆ, ರಾಯಪುರಂಗೆ ಅಂಟಿಕೊಂಡ ಕಾಸಿಮೇಡು ಮೀನುಗಾರಿಕಾ ಬಂದರಿನಂಥ ಕಡೆ ದೋಷಪರೀಕ್ಷೆ ತಂತ್ರಾಂಶದಿಂದ ಶುರುವಾಗಬಾರದು. ಅಲ್ಲಿನ ಗಾಳಿಯಲ್ಲಿ ಉಪ್ಪಿದೆ, ತೇವವಿದೆ. ಬಿಚ್ಚಿಟ್ಟ ಕಾಗದದ ಕಟ್ಟು ತೇವ ಹೀರಿ ಅಂಚು ಮುರುಟುತ್ತದೆ, ರೋಲರಿನಲ್ಲಿ ಎರಡೆರಡು ಹಾಳೆ ಒಟ್ಟಿಗೆ ಹೋಗುತ್ತವೆ, ಟೋನರ್ ಸರಿಯಾಗಿ ಕಾಗದಕ್ಕೆ ಹಿಡಿಯುವುದಿಲ್ಲ. ಲ್ಯಾನ್ ಕೇಬಲ್ಲಿನ ತುದಿಯ ಪುಟ್ಟ ಪಿನ್ನುಗಳಿಗೆ ಹಸಿರು ಕಿಲುಬು ಕಟ್ಟಿದರೆ ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ. ಸ್ವಿಚ್ಚಿನ ಮೇಲಿನ ದೀಪ ಆಗಾಗ ಆರಿ ಹೊತ್ತುವುದೇ ಅದಕ್ಕೆ ಸಾಕ್ಷಿ. ಪ್ಲಗ್ ಕತ್ತರಿಸಿ ಹೊಸದು ಹಾಕುವ ಹತ್ತು ನಿಮಿಷದ ಕೆಲಸ ಬಿಟ್ಟು ಡ್ರೈವರ್ ಮತ್ತೆ ಮತ್ತೆ ಹಾಕುವವರೇ ಹೆಚ್ಚು. ಪ್ರಿಂಟರಿನ ಗುಂಡಿ ಒತ್ತಿ ಅದರದೇ ಪರೀಕ್ಷಾ ಪುಟ ತೆಗೆದರೆ ಎರಡು ಸಂಗತಿ ಒಟ್ಟಿಗೆ ತಿಳಿಯುತ್ತವೆ: ಯಂತ್ರ ಮುದ್ರಿಸಬಲ್ಲದೇ, ಅದರ ಸದ್ಯದ ಐಪಿ ವಿಳಾಸವೇನು.

ಆ ವಿಳಾಸವೇ ಅತಿ ಸಾಮಾನ್ಯ ಕಳ್ಳ. ರೂಟರ್ ವಿಳಾಸಗಳನ್ನು ಬಾಡಿಗೆಗೆ ಕೊಡುತ್ತದೆ. ಕರೆಂಟು ಹೋಗಿ ಬಂದಾಗ ಪ್ರಿಂಟರಿಗೆ 192.168.1.5ರ ಬದಲು 192.168.1.9 ಸಿಕ್ಕಿರಬಹುದು. ಕಂಪ್ಯೂಟರ್ ಮಾತ್ರ ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ರೂಟರಿನ ಡಿಎಚ್‌ಸಿಪಿ ಪುಟದಲ್ಲಿ ಪ್ರಿಂಟರಿನ ಹಾರ್ಡ್‌ವೇರ್ ಗುರುತಾದ ಮ್ಯಾಕ್ ಸಂಖ್ಯೆಗೆ ಒಂದು ವಿಳಾಸ ಕಾಯ್ದಿರಿಸಿದರೆ ಈ ಕಾಟ ತಪ್ಪುತ್ತದೆ. ಪಿಂಗ್‌ಗೆ ಉತ್ತರ ಬಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ನೆಟ್‌ವರ್ಕ್ ಕಾರ್ಡ್ ಎಚ್ಚರವಿದ್ದು ಮುದ್ರಣದ ಸೇವೆ ಮಾತ್ರ ಹೆಪ್ಪುಗಟ್ಟಿರುವುದುಂಟು, ಆದ್ದರಿಂದ 631 ಅಥವಾ 9100 ತೆರೆದಿದೆಯೇ ಎಂದು ಪ್ರತ್ಯೇಕವಾಗಿ ನೋಡಬೇಕು.

ಇಷ್ಟೆಲ್ಲ ಸರಿಯಿದ್ದೂ ಹಾಳೆ ಬಾರದಿದ್ದರೆ ಕಪ್ಸ್‌ನ ಸರದಿಯನ್ನು ನೋಡಬೇಕು. ಬಹುಪಾಲು ಗೊಂದಲ ಹುಟ್ಟುವುದು ಇಲ್ಲಿ. ಪ್ರಿಂಟರಿನ ಕಡೆಯಿಂದ ದೋಷ ಬಂದರೆ ಏನು ಮಾಡಬೇಕೆಂಬುದಕ್ಕೆ ಕಪ್ಸ್‌ನಲ್ಲಿ ಒಂದು ದೋಷ ನೀತಿ ಇದೆ, ಅದರ ಮೂಲ ಆಯ್ಕೆ ‘ಸ್ಟಾಪ್ ಪ್ರಿಂಟರ್’. ಅಂದರೆ ಒಮ್ಮೆ ಸಂಪರ್ಕ ತಪ್ಪಿದರೆ ಸರದಿಯೇ ನಿಲ್ಲುತ್ತದೆ; ಪ್ರಿಂಟರ್ ಮರುಕ್ಷಣ ಸರಿಹೋದರೂ ಯಾರಾದರೂ ಮತ್ತೆ ಚಾಲೂ ಮಾಡುವವರೆಗೆ ಅದು ನಿಂತೇ ಇರುತ್ತದೆ. ಹಾಳೆ ಬರಲಿಲ್ಲವೆಂದು ಬಳಕೆದಾರ ಮತ್ತೆ ಮತ್ತೆ ಆಜ್ಞೆ ಕೊಡುತ್ತಾನೆ, ಎಲ್ಲವೂ ಸಾಲಾಗಿ ಸೇರುತ್ತವೆ. ‘ಕಪ್ಸ್‌ಎನೇಬಲ್’ ಆಜ್ಞೆ ಕೊಟ್ಟೊಡನೆ ಅಷ್ಟೂ ಹೊರಬೀಳುತ್ತವೆ. ದೊಡ್ಡ ಕಚೇರಿಯಲ್ಲಿ ನಿರ್ವಾಹಕ ಸದಾ ಇರುತ್ತಾನೆಂದು ನಂಬಿ ಮಾಡಿದ ನಿಯಮ ಇದು. ಮನೆಗೂ ಸಣ್ಣ ಅಂಗಡಿಗೂ ಒಪ್ಪುವುದಿಲ್ಲ. ಅಂಥಲ್ಲಿ ನೀತಿಯನ್ನು ‘ರೀಟ್ರೈ ಕರೆಂಟ್ ಜಾಬ್’ಗೆ ಬದಲಿಸುವುದು ಮೇಲು. ಹಾಗೆ ಮಾಡಿದರೆ ಪ್ರಿಂಟರ್ ಮರಳಿದೊಡನೆ ತಡೆದ ಕೆಲಸ ತಾನಾಗಿ ಮುಂದುವರಿಯುತ್ತದೆ. ಸರದಿಯ ಸ್ಥಿತಿಯನ್ನು ಟರ್ಮಿನಲ್‌ನಲ್ಲಿ ‘ಎಲ್‌ಪಿಸ್ಟ್ಯಾಟ್ -ಟಿ’ ಹೇಳುತ್ತದೆ. ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್:631’ ತೆರೆದರೂ ಅದೇ ಮಾಹಿತಿ ಸಿಗುತ್ತದೆ, ನೀತಿ ಬದಲಿಸುವ ಪುಟವೂ ಅಲ್ಲೇ ಇದೆ.

ವೈಫೈ ಪ್ರಿಂಟರುಗಳ ತೊಂದರೆ ಬೇರೆ. ಅವು ತಮ್ಮ ಹೆಸರನ್ನು ಎಂಡಿಎನ್‌ಎಸ್ ಎಂಬ ರೀತಿಯಲ್ಲಿ, ಯುಡಿಪಿ 5353ನೇ ಪೋರ್ಟ್‌ನಲ್ಲಿ ಸುತ್ತಲಿನ ಯಂತ್ರಗಳಿಗೆಲ್ಲ ಸಾರುತ್ತವೆ. ಲಿನಕ್ಸ್‌ನಲ್ಲಿ ಅದನ್ನು ಕೇಳಿಸಿಕೊಳ್ಳುವುದು ಅವಾಹಿ ಎಂಬ ಸೇವೆ. ಪ್ರಿಂಟರ್ ಗಾಢ ನಿದ್ರೆಗೆ ಜಾರಿದರೆ, ಫೈರ್‌ವಾಲ್ ಆ ಪೋರ್ಟ್ ಮುಚ್ಚಿದರೆ, ಅಥವಾ ಕಂಪ್ಯೂಟರ್ ರೂಟರಿನ ‘ಗೆಸ್ಟ್’ ವೈಫೈನಲ್ಲಿದ್ದರೆ ಹೆಸರು ಪಟ್ಟಿಯಿಂದ ಮಾಯ. ಒಂದೇ ಪ್ರಿಂಟರ್ ಎರಡು ಹೆಸರಲ್ಲಿ ಕಾಣುವುದೂ ಉಂಟು, ಒಂದು ಕೈಯಾರೆ ಸೇರಿಸಿದ್ದು, ಇನ್ನೊಂದು ಕಪ್ಸ್-ಬ್ರೌಸ್ಡ್ ಎಂಬ ಸೇವೆ ತಾನಾಗಿ ಹುಟ್ಟಿಸಿದ್ದು. ಯಾವುದು ಸತ್ತಿದೆಯೆಂದು ತಿಳಿಯದೆ ಅದಕ್ಕೇ ಕಳಿಸುತ್ತಿದ್ದರೆ ಪ್ರಿಂಟರಿನ ತಪ್ಪೇನೂ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಭದ್ರತಾ ಸಂಶೋಧಕ ಸಿಮೋನೆ ಮಾರ್ಗರಿಟೆಲ್ಲಿ ಈ ಕಪ್ಸ್-ಬ್ರೌಸ್ಡ್‌ನಲ್ಲಿ ಗಂಭೀರ ಭದ್ರತಾ ಲೋಪ ತೋರಿಸಿದಾಗ ಆ ಸೇವೆಯನ್ನು ನಿಲ್ಲಿಸುವಂತೆ ಸಲಹೆ ಬಂತು. ಅದನ್ನೇ ನೆಚ್ಚಿಕೊಂಡ ಗಣಕಗಳಲ್ಲಿ ಸೇವೆ ನಿಲ್ಲಿಸಿದರೆ ಪ್ರಿಂಟರೂ ಕಾಣೆಯಾಗುತ್ತದೆ. ವಿಳಾಸ ಕಾಯ್ದಿರಿಸಿದ ಪ್ರಿಂಟರನ್ನು ಐಪಿಪಿ ಮಾರ್ಗದಲ್ಲಿ, ‘ಎವೆರಿವೇರ್’ ಮಾದರಿಯೆಂದು ನಾವೇ ಸೇರಿಸಿಕೊಂಡರೆ ಈ ಅವಲಂಬನೆ ತಪ್ಪುತ್ತದೆ.

ಪರದೆಯಲ್ಲಿ ‘ಫಿಲ್ಟರ್ ಫೇಲ್ಡ್’ ಎಂದು ಬಂದರೆ ನೆಟ್‌ವರ್ಕ್ ತಡಕುವುದು ವ್ಯರ್ಥ. ಕಡತವನ್ನು ಪ್ರಿಂಟರಿನ ಭಾಷೆಗೆ ತರುವ ಹಂತದಲ್ಲೇ ಎಡವಟ್ಟಾಗಿದೆ. ಎಚ್‌ಪಿಯ ಲಿನಕ್ಸ್ ಡ್ರೈವರ್ ಕಟ್ಟಾದ ಎಚ್‌ಪಿಎಲ್‌ಐಪಿ ಹೊಸ ಆವೃತ್ತಿಗೆ ಏರಿ, ಅದರ ಪ್ಲಗಿನ್ ಹಳೆಯದೇ ಉಳಿದಾಗ ಹೀಗಾಗುವುದು ಸಾಮಾನ್ಯ. ‘ಕಪ್ಸ್‌ಸಿಟಿಎಲ್’ನಿಂದ ಡಿಬಗ್ ದಾಖಲೆ ಚಾಲೂ ಮಾಡಿ ಒಂದು ಪುಟ ಕಳಿಸಿದರೆ, ಯಾವ ಫಿಲ್ಟರ್ ಬಿತ್ತು ಎಂಬುದು ಕಪ್ಸ್‌ನ ಎರರ್ ಲಾಗ್‌ನಲ್ಲಿ ಸಿಗುತ್ತದೆ. ಆಮೇಲೆ ಡಿಬಗ್ ನಿಲ್ಲಿಸುವುದನ್ನು ಮರೆಯಬಾರದು, ಕಡತ ಬೇಗ ಬೆಳೆಯುತ್ತದೆ.

ಕನ್ನಡ ಬರೆಯುವವರಿಗೆ ಈ ಹಂತದಲ್ಲಿ ಇನ್ನೊಂದು ತಾಪತ್ರಯ ಕಾದಿರುತ್ತದೆ. ಕೇರಳದ ಐಟಿ@ಸ್ಕೂಲ್ ಯೋಜನೆಯಿಂದಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಶಾಲೆಯಲ್ಲಿ ಲಿನಕ್ಸ್ ಕಲಿಯುತ್ತಾರೆ, ಹಾಗಾಗಿ ಇದು ಬರೀ ಪರಿಣತರ ಮಾತಲ್ಲ. ಟರ್ಮಿನಲ್‌ನಿಂದ ಕನ್ನಡದ ಸಾದಾ ಪಠ್ಯ ಕಡತವನ್ನು ನೇರವಾಗಿ ಪ್ರಿಂಟರಿಗೆ ಕಳಿಸಿದರೆ ಒತ್ತಕ್ಷರಗಳು ಕಳಚಿ ಬೀಳುತ್ತವೆ ಅಥವಾ ಬರೀ ಚೌಕಗಳು ಬರುತ್ತವೆ. ಕಪ್ಸ್‌ನ ಪಠ್ಯ ಫಿಲ್ಟರಿಗೆ ‘ಸ್ತ್ರೀ’ಯಂಥ ಸಂಯುಕ್ತಾಕ್ಷರ ಜೋಡಿಸಲು ಬಾರದು. ಲಿಬ್ರೆಆಫೀಸ್‌ನಲ್ಲಿ ಅದೇ ಕಡತ ತೆರೆದರೆ ಅಕ್ಷರ ಜೋಡಣೆ ಅಲ್ಲೇ ಮುಗಿದು ಪಿಡಿಎಫ್ ಆಗಿ ಹೋಗುವುದರಿಂದ ತೊಂದರೆಯಿಲ್ಲ. ಯುನಿಕೋಡ್‌ಗೆ ಮುಂಚಿನ ನುಡಿ, ಬರಹ ಅಕ್ಷರಗಳ ದಾಖಲೆಗಳಿಗೆ ಆಯಾ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವೇ ಕಾಗದಕ್ಕೆ ಇಳಿಯುವುದು. ಬೈಗುಳ ತಿನ್ನುವುದು ಮಾತ್ರ ಪ್ರಿಂಟರ್.

2019ರ ಕೊನೆಗೆ ಸ್ವೀಟ್ ಆಪಲ್ ಬಿಟ್ಟ ಮೇಲೆ ಲಿನಕ್ಸ್‌ಗಾಗಿ ಕಪ್ಸ್‌ನ ಪೋಷಣೆ ಟಿಲ್ ಕಾಂಪೆಟರ್ ಮುನ್ನಡೆಸುವ ಓಪನ್‌ಪ್ರಿಂಟಿಂಗ್ ಬಳಗದ ಪಾಲಿಗೆ ಬಂತು, 2021ರಲ್ಲಿ 2.4ನೇ ಆವೃತ್ತಿ ಹೊರಟಿತು. ಮುಂದಿನ 3ನೇ ಪೀಳಿಗೆಯಲ್ಲಿ ಹಳೆಯ ಡ್ರೈವರ್ ಪದ್ಧತಿಯೇ ಇರುವುದಿಲ್ಲ, ಐಪಿಪಿ ಬಲ್ಲ ಪ್ರಿಂಟರ್ ಮಾತ್ರ ನಡೆಯುತ್ತದೆ. ಹಳೆಯ ಯಂತ್ರಗಳಿಗೆಂದು ‘ಪ್ರಿಂಟರ್ ಅಪ್ಲಿಕೇಶನ್’ಗಳು ತಯಾರಾಗಿವೆ. ಅದೊಂದು ಸಣ್ಣ ಪ್ರೋಗ್ರಾಂ. ಕಂಪ್ಯೂಟರಿನೊಳಗೇ ಕುಳಿತು ಹೊರಗಿನವರಿಗೆ ಐಪಿಪಿ ಪ್ರಿಂಟರಾಗಿ ಕಾಣಿಸಿಕೊಳ್ಳುತ್ತದೆ, ಒಳಗಿನಿಂದ ಹಳೆಯ ಡ್ರೈವರ್ ನಡೆಸುತ್ತದೆ. ಓಪನ್‌ಪ್ರಿಂಟಿಂಗ್ ಇವನ್ನು ಸ್ನ್ಯಾಪ್ ಪೊಟ್ಟಣಗಳಾಗಿ ಕೊಡುತ್ತಿದ್ದು, ಎಚ್‌ಪಿಎಲ್‌ಐಪಿ ನಡೆಸುವ ಹಳೆಯ ಮಾದರಿಗಳಿಗೂ ಒಂದು ಇದೆ.