ಜೇಬಿನೊಳಗಿನ ಕಚೇರಿ

ಹಿಂದೆ ಕಚೇರಿಯ ಪತ್ರಗಳು ಕಚೇರಿಯಲ್ಲಿಯೇ ಉಳಿಯುತ್ತಿದ್ದವು; ಬಾಗಿಲಿಗೆ ಬೀಗ ಬಿದ್ದೊಡನೆ ಅಂದಿನ ಕೆಲಸವೂ ಮುಗಿಯುತ್ತಿತ್ತು. 1971ರಲ್ಲಿ ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್ ಅವರು ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಜಾಲದ ಮೂಲಕ ಪತ್ರವನ್ನು ಕಳುಹಿಸಿದರು. ಹಾಗೆ ಹುಟ್ಟಿದ ಇ-ಮೇಲ್ ಇಂದು ಸ್ಮಾರ್ಟ್‌ಫೋನಿನೊಡನೆ ನೌಕರನ ಜೇಬನ್ನು ಸೇರಿದೆ.

ಸ್ವಂತ ಫೋನಿನಲ್ಲಿ ಕಚೇರಿಯ ಇ-ಮೇಲನ್ನು ಅಳವಡಿಸುವುದು ಕಷ್ಟವಲ್ಲ. ಹೊಸ ಖಾತೆಯನ್ನು ಸೇರಿಸಿ, ಕಚೇರಿಯ ವಿಳಾಸವನ್ನೂ ಪಾಸ್‌ವರ್ಡನ್ನೂ ನಮೂದಿಸಿದರೆ ಸಂಸ್ಥೆಯ ಸರ್ವರಿನೊಡನೆ ಸಂಪರ್ಕವೇರ್ಪಡುತ್ತದೆ. ಪತ್ರಗಳ ಮೂಲಪ್ರತಿ ಸರ್ವರಿನಲ್ಲಿಯೇ ಇರುವುದರಿಂದ, ಫೋನಿನಲ್ಲಿ ಓದಿದ ಪತ್ರವು ಮೇಜಿನ ಕಂಪ್ಯೂಟರಿನಲ್ಲಿಯೂ ಓದಿದುದಾಗಿಯೇ ಕಾಣುತ್ತದೆ.

ಆದರೆ ಪತ್ರಗಳೊಡನೆ ಸಂಸ್ಥೆಯ ಅಧಿಕಾರವೂ ಫೋನಿನೊಳಕ್ಕೆ ಬರಬಹುದು. ಫೋನು ಕಳೆದುಹೋದರೆ ಅದರಲ್ಲಿರುವುದನ್ನು ದೂರದಿಂದಲೇ ಅಳಿಸಲು ಅನುಮತಿ ನೀಡಬೇಕೆಂದು ಕೆಲವು ಸಂಸ್ಥೆಗಳು ಕೇಳುತ್ತವೆ. ಸಂಸ್ಥೆಯ ಗುಟ್ಟನ್ನು ಕಾಯಲು ಇದು ಅಗತ್ಯವೇ ಸರಿ. ಆದರೆ ಇಡೀ ಫೋನನ್ನು ಅಳಿಸಲು ಒಪ್ಪಿಗೆಯಿತ್ತಿದ್ದರೆ, ಕಚೇರಿಯ ಪತ್ರಗಳೊಡನೆ ಮಗುವಿನ ಮೊದಲ ಹೆಜ್ಜೆಯ ಚಿತ್ರವೂ ಅಳಿದುಹೋದೀತು!

ಇದಕ್ಕೆ ಪರಿಹಾರವೂ ಉಂಟು. 2014ರಲ್ಲಿ ಬಂದ ಆಂಡ್ರಾಯ್ಡ್‌ನ ಐದನೆಯ ಆವೃತ್ತಿಯಿಂದ ಮೊದಲ್ಗೊಂಡು, ಒಂದೇ ಫೋನಿನಲ್ಲಿ ಕೆಲಸಕ್ಕಾಗಿ ಪ್ರತ್ಯೇಕ ಭಾಗವನ್ನು ಮಾಡಿಕೊಳ್ಳಲು ಸಾಧ್ಯವಾಗಿದೆ. ಇದು ಸ್ವಂತ ಮನೆಯ ಒಂದು ಕೋಣೆಯನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟಂತೆ. ಸಂಸ್ಥೆಯು ತನ್ನ ಕೋಣೆಯನ್ನು ಬರಿದುಮಾಡಬಲ್ಲದು. ಉಳಿದ ಕೋಣೆಗಳನ್ನು ಮುಟ್ಟಲಾರದು. ದಿನದ ಕೆಲಸ ಮುಗಿದ ಮೇಲೆ ಆ ಭಾಗವನ್ನು ನಿಲ್ಲಿಸಿಡಲೂಬಹುದು.

ಒಪ್ಪಿಗೆಯ ಗುಂಡಿಯನ್ನು ಒತ್ತಲು ಕ್ಷಣ ಸಾಕು. ಷರತ್ತುಗಳನ್ನು ಓದಲು ಕೆಲವು ನಿಮಿಷಗಳು ಬೇಕು. ಆ ನಿಮಿಷಗಳನ್ನು ಉಳಿಸಲು ಹೋದವನು ವರ್ಷಗಳ ನೆನಪುಗಳನ್ನು ಕಳೆದುಕೊಳ್ಳಬೇಕಾದೀತು.