ನೇಗಿಲ ನಿಷೇಧ ಮತ್ತು ನೆಲದ ಒಡೆತನ

ಬಿತ್ತನೆಯ ಬೀಜವನ್ನು ಆರಿಸಿ, ಬೂದಿ ಬೆರೆಸಿ ಕಾಪಾಡುವವಳು ಹೆಂಗಸು. ಬಯಲುಸೀಮೆಯಲ್ಲಿ ಕೂರಿಗೆಯ ಬಟ್ಟಲಿಗೆ ಕಾಳು ಬಿಡುವ ಕೈಯೂ ಬಹುಮಟ್ಟಿಗೆ ಅವಳದೇ. ನಾಟಿ, ಕಳೆ, ಕೊಯ್ಲು, ತೂರುವುದು, ಕೇರುವುದು ಎಲ್ಲದರಲ್ಲೂ ಅವಳಿದ್ದಾಳೆ. ಆದರೆ ನೇಗಿಲ ಮೇಣಿಯನ್ನು ಮಾತ್ರ ಅವಳು ಹಿಡಿಯಬಾರದು. ಹಿಡಿದರೆ ಮಳೆ ಹೋಗುತ್ತದೆ, ಊರಿಗೆ ಕೇಡಾಗುತ್ತದೆ ಎಂಬ ನಂಬಿಕೆ ಭಾರತದ ಹಲವು ಭಾಗಗಳಲ್ಲಿ ಶತಮಾನಗಳಿಂದ ಬೇರೂರಿದೆ. ಕೃಷಿಯ ಇಷ್ಟೆಲ್ಲ ಕೆಲಸಗಳ ನಡುವೆ ಒಂದೇ ಒಂದು ಉಪಕರಣ ಅವಳಿಗೆ ನಿಷಿದ್ಧವಾದದ್ದು ಹೇಗೆ? ಆ ನಿಷೇಧಕ್ಕೆ ಧರ್ಮದ ಮುದ್ರೆ ಬಿದ್ದದ್ದು ಏಕೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ಇದು ದೈವನಿಯಮ, ಪ್ರಶ್ನಿಸಬಾರದು ಎನ್ನುವುದು ಒಂದು. ಇದು ಗಂಡಸರು ಕೂಡಿ ಹೂಡಿದ ಸಂಚು ಎನ್ನುವುದು ಇನ್ನೊಂದು. ಎರಡೂ ಉತ್ತರಗಳು ಸುಲಭದವು. ಎರಡರಲ್ಲೂ ಹೊಟ್ಟೆಪಾಡಿನ ಚರಿತ್ರೆಗೆ ಜಾಗವಿಲ್ಲ.

ಆ ಚರಿತ್ರೆಯತ್ತ ವಿದ್ವತ್ ಲೋಕದ ಗಮನ ಸೆಳೆದವರಲ್ಲಿ ಡೆನ್ಮಾರ್ಕ್‌ನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ ಪ್ರಮುಖರು. 1950ರ ದಶಕದ ಕೊನೆಯಲ್ಲಿ ಕೆಲಕಾಲ ಭಾರತದಲ್ಲಿದ್ದು ಅಧ್ಯಯನ ನಡೆಸಿದ್ದ ಅವರು, ಆರ್ಥಿಕ ಅಭಿವೃದ್ಧಿಯಲ್ಲಿ ಮಹಿಳೆಯ ಪಾತ್ರವನ್ನು ಕುರಿತ ತಮ್ಮ ಗ್ರಂಥವನ್ನು 1970ರಲ್ಲಿ ಪ್ರಕಟಿಸಿದರು. ಅವರ ವಾದದ ತಿರುಳು ಸರಳ. ಕಾಡು ಕಡಿದು, ಸುಟ್ಟು, ಗುದ್ದಲಿಯಿಂದ ಕೆದಕಿ ಬಿತ್ತುವ ಕುಮರಿ ಬೇಸಾಯದಲ್ಲಿ ಹೆಂಗಸರ ದುಡಿಮೆಯೇ ಮುಖ್ಯವಾಗಿತ್ತು. ನೇಗಿಲು ಬಂದಾಗ ಈ ಲೆಕ್ಕಾಚಾರ ಬದಲಾಯಿತು. ಜೋಡೆತ್ತನ್ನು ಹತೋಟಿಯಲ್ಲಿಟ್ಟುಕೊಂಡು, ಮೇಣಿಯನ್ನು ಒತ್ತಿ ಹಿಡಿದು ದಿನವಿಡೀ ಸಾಲು ಹೊಡೆಯಲು ತೋಳಬಲ ಬೇಕು. ಗಂಡಸು ಹೊಲಕ್ಕೆ ಅನಿವಾರ್ಯನಾದ. ಹೆಂಗಸಿನ ದುಡಿಮೆ ನಿಧಾನವಾಗಿ ಮನೆ, ಕೊಟ್ಟಿಗೆ, ಕಣಗಳತ್ತ ಸರಿಯಿತು.

ಅದೇ ವರ್ಷ ಅಮೆರಿಕದ ಮಾನವಶಾಸ್ತ್ರಜ್ಞೆ ಜೂಡಿತ್ ಬ್ರೌನ್ ಮತ್ತೊಂದು ಅಂಶವನ್ನು ಮುಂದಿಟ್ಟರು. ಕೆಲಸದ ಹಂಚಿಕೆಯನ್ನು ನಿರ್ಧರಿಸುವುದು ಕೇವಲ ಬಲವಲ್ಲ, ಮಗು ಎಂಬುದು ಅವರ ನಿಲುವು. ನಡುವೆ ನಿಲ್ಲಿಸಿ ಮತ್ತೆ ಹಿಡಿಯಬಹುದಾದ, ಮನೆಗೆ ಹತ್ತಿರವಿರುವ, ಪಕ್ಕದಲ್ಲಿ ಮಗುವಿದ್ದರೂ ಅಪಾಯವಾಗದ ಕೆಲಸಗಳು ತಾಯಂದಿರ ಪಾಲಿಗೆ ಬಂದವು. ಮಗು ಅತ್ತಾಗ ಕಳೆ ಕೀಳುವುದನ್ನು ನಿಲ್ಲಿಸಬಹುದು; ಹೂಡಿದ ಎತ್ತುಗಳನ್ನು ನಡುಸಾಲಿನಲ್ಲಿ ಬಿಟ್ಟು ಹಾಲೂಡಿಸಲು ಹೋಗುವುದು ಕಷ್ಟ. ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಮಕ್ಕಳು ಉಳಿಯದಿದ್ದ ಕಾಲದಲ್ಲಿ, ಯೌವನದ ಬಹುಭಾಗ ಬಸಿರು ಬಾಣಂತನಗಳಲ್ಲೇ ಕಳೆಯುತ್ತಿದ್ದ ಕಾಲದಲ್ಲಿ, ಈ ಹಂಚಿಕೆಗೆ ಅದರದೇ ತರ್ಕವಿತ್ತು.

ತರ್ಕ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಪ್ರತಿ ತಲೆಮಾರಿಗೂ ಹೊಸದಾಗಿ ವಾದಿಸಿ ಒಪ್ಪಿಸುವುದು ಸಾಧ್ಯವಿಲ್ಲ. ಹಾಗಾಗಿ ಅದು ಆಚರಣೆಯಾಗುತ್ತದೆ, ಆಚರಣೆ ಪುಣ್ಯಪಾಪಗಳ ಭಾಷೆಯನ್ನು ಕಲಿಯುತ್ತದೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಹೆಣ್ಣನ್ನು ಕ್ಷೇತ್ರಕ್ಕೂ ಗಂಡನ್ನು ಬೀಜಕ್ಕೂ ಹೋಲಿಸುತ್ತದೆ. ಬಲರಾಮ ಹಲಧರನಾಗುತ್ತಾನೆ. ಜನಕ ನೆಲ ಉಳುವಾಗ ಸಿಕ್ಕಿದ ಮಗುವಿಗೆ ನೇಗಿಲ ಗೆರೆಯ ಹೆಸರೇ ಬಂದು ಸೀತೆಯಾಗುತ್ತಾಳೆ. ಹಳೆ ಮೈಸೂರು ಸೀಮೆಯಲ್ಲಿ ಯುಗಾದಿಯ ವೇಳೆ ಹೊನ್ನಾರು ಕಟ್ಟಿ ಮೊದಲ ಸಾಲು ಹೊಡೆಯುವ ಸಂಭ್ರಮದಲ್ಲೂ ಮೇಣಿ ಹಿಡಿಯುವವನು ಗಂಡಸೇ. ಉಳುವವನು ಗಂಡು, ಉಳಿಸಿಕೊಳ್ಳುವ ನೆಲ ಹೆಣ್ಣು ಎಂಬ ಚಿತ್ರ ಮನಸ್ಸಿನಲ್ಲಿ ನಿಂತ ಮೇಲೆ, ಹೆಣ್ಣು ನೇಗಿಲು ಹಿಡಿಯುವುದು ಕೇವಲ ಅನನುಕೂಲವಾಗಿ ಕಾಣುವುದಿಲ್ಲ, ಅಪಚಾರವಾಗಿ ಕಾಣುತ್ತದೆ. ಅಗತ್ಯವು ಧರ್ಮವಾಗಿ ಮಾರ್ಪಡುವ ಬಗೆ ಇದು.

ಇದರ ಪರಿಣಾಮ ಹೊಲದ ಬದುವಿಗೇ ನಿಲ್ಲಲಿಲ್ಲ. ಭತ್ತ ಬೆಳೆಯುವ ಪ್ರದೇಶಗಳಲ್ಲಿ ನಾಟಿ ಮತ್ತು ಕಳೆಗೆ ಹೆಂಗಸರ ದುಡಿಮೆ ಹೆಚ್ಚು ಬೇಕಾಗುವುದರಿಂದ ಅಲ್ಲಿ ಹೆಣ್ಣುಮಕ್ಕಳು ಬದುಕುಳಿಯುವ ಸಂಭವ, ಗೋಧಿ ಬೆಳೆಯುವ ವಾಯವ್ಯ ಭಾರತಕ್ಕಿಂತ ಹೆಚ್ಚಿರಬಹುದೆಂದು ಅರ್ಥಶಾಸ್ತ್ರಜ್ಞ ಪ್ರಣಬ್ ಬರ್ಧನ್ 1974ರಲ್ಲೇ ಸೂಚಿಸಿದ್ದರು. ಎಲಿಯಾನಾ ಕರಾಂಜಾ 2014ರಲ್ಲಿ ಪ್ರಕಟಿಸಿದ ಅಧ್ಯಯನ ಮಣ್ಣಿನ ಗುಣಕ್ಕೇ ಇಳಿಯಿತು. ಆಳ ಉಳುಮೆಗೆ ಒಗ್ಗುವ ಹಗುರ ಮಣ್ಣಿನ ಜಿಲ್ಲೆಗಳಲ್ಲಿ ಹೆಂಗಸರ ಕೃಷಿ ದುಡಿಮೆಗೆ ಬೇಡಿಕೆ ಕಡಿಮೆ, ಹುಡುಗಿಯರ ಸಂಖ್ಯೆಯೂ ಕಡಿಮೆ ಎಂಬುದು ಅದರಲ್ಲಿ ಕಂಡುಬಂತು. 2011ರ ಜನಗಣತಿಯ ಪ್ರಕಾರ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹರಿಯಾಣದಲ್ಲಿ 834, ಪಂಜಾಬಿನಲ್ಲಿ 846, ಕರ್ನಾಟಕದಲ್ಲಿ 948, ಕೇರಳದಲ್ಲಿ 964 ಹೆಣ್ಣುಮಕ್ಕಳಿದ್ದರು. ಈ ಅಂತರಕ್ಕೆ ಸ್ಕ್ಯಾನಿಂಗ್ ಯಂತ್ರ, ವರದಕ್ಷಿಣೆ, ಆಸ್ತಿಯ ಆಸೆ ಮುಂತಾದ ಹಲವು ಕಾರಣಗಳಿವೆ, ನಿಜ. ಆದರೆ ಯಂತ್ರ ಬರುವ ಮೊದಲೇ ಹೆಣ್ಣು ಹೊರೆಯೆಂಬ ಲೆಕ್ಕ ಅಲ್ಲಿ ಸಿದ್ಧವಾಗಿತ್ತು ಎಂಬುದನ್ನು ಮರೆಯಲಾಗದು.

ಇನ್ನೂ ಸೋಜಿಗದ ಸಂಗತಿಯಿದೆ. ಆಲ್ಬರ್ಟೊ ಅಲೆಸಿನಾ ಮತ್ತು ಅವರ ಇಬ್ಬರು ಸಹಲೇಖಕರು 2013ರಲ್ಲಿ ಪ್ರಕಟಿಸಿದ ಸಂಶೋಧನೆ, ನೇಗಿಲು ಬಳಸುತ್ತಿದ್ದ ಸಮಾಜಗಳ ಇಂದಿನ ವಂಶಸ್ಥರಲ್ಲೂ ಹೆಂಗಸರು ಹೊರಗೆ ದುಡಿಯುವ ಪ್ರಮಾಣ ಕಡಿಮೆಯೆಂದು ತೋರಿಸಿತು. ಅಂಥ ನಾಡುಗಳಿಂದ ಅಮೆರಿಕ, ಯುರೋಪುಗಳಿಗೆ ವಲಸೆ ಹೋದವರ ಮಕ್ಕಳಲ್ಲೂ, ಅಂದರೆ ನೇಗಿಲನ್ನು ಕಣ್ಣಾರೆ ಕಾಣದಿರಬಹುದಾದವರಲ್ಲೂ, ಈ ಒಲವು ಉಳಿದಿತ್ತು. ನೇಗಿಲು ಅಟ್ಟ ಸೇರಿದರೂ ಅದು ಎಳೆದ ಗೆರೆ ಮನಸ್ಸಿನಿಂದ ಅಳಿಸಿರಲಿಲ್ಲ.

ಹೀಗೆಂದ ಮಾತ್ರಕ್ಕೆ ಎಲ್ಲವನ್ನೂ ಅಗತ್ಯದ ತಲೆಗೆ ಕಟ್ಟಿ ನಿಟ್ಟುಸಿರು ಬಿಡಬಹುದೇ? ಅಂದಿನವರಿಗೆ ಬೇರೆ ದಾರಿಯಿರಲಿಲ್ಲ ಎನ್ನುವ ಸಮಾಧಾನ ಇಂದು ಜನಪ್ರಿಯವಾಗುತ್ತಿದೆ. ಇಲ್ಲಿ ಎಚ್ಚರ ಬೇಕು. ಅಗತ್ಯವು ದುಡಿಮೆಯ ಹಂಚಿಕೆಯನ್ನು ವಿವರಿಸೀತು. ಆಸ್ತಿಯ ಹಂಚಿಕೆಯನ್ನು ಅದು ವಿವರಿಸುವುದಿಲ್ಲ.

ಇದಕ್ಕೆ ಸಾಕ್ಷಿ ಶಾಸ್ತ್ರದಲ್ಲೇ ಇದೆ. ನೇಗಿಲು ಮುಟ್ಟಬಾರದೆಂಬ ನಿಯಮ ಹೆಂಗಸಿಗೆ ಮಾತ್ರ ಇದ್ದುದಲ್ಲ. ಕಬ್ಬಿಣದ ಮೊನೆಯ ಮರ ನೆಲವನ್ನೂ ನೆಲದಲ್ಲಿರುವ ಜೀವಿಗಳನ್ನೂ ಹಿಂಸಿಸುತ್ತದೆ ಎಂಬ ಕಾರಣ ಕೊಟ್ಟು, ಬ್ರಾಹ್ಮಣನು ಕೃಷಿಯಿಂದ ದೂರವಿರಬೇಕೆಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ಹೇಳುತ್ತದೆ. ಉತ್ತರ ಭಾರತದಲ್ಲಿ ನೇಗಿಲು ಹಿಡಿಯುವುದನ್ನು ಕೀಳೆಂದು ಭಾವಿಸಿದ ಮೇಲ್ಜಾತಿಗಳು ಇನ್ನೂ ಕೆಲವಿದ್ದವು. ಆದರೆ ಉಳದಿದ್ದ ಕಾರಣಕ್ಕೆ ಅವರ ಭೂಮಿ ಅವರ ಕೈತಪ್ಪಲಿಲ್ಲ. ಅವರು ಉಳಿಸಿದರು, ಬೆಳೆಯ ಪಾಲು ಪಡೆದರು, ಒಡೆಯರಾಗಿಯೇ ಉಳಿದರು. ಅದೇ ನಿಷೇಧ ಮೇಲ್ಜಾತಿಯ ಗಂಡಸಿಗೆ ಪ್ರತಿಷ್ಠೆಯಾಯಿತು, ಹೆಂಗಸಿಗೆ ಅನರ್ಹತೆಯಾಯಿತು. ತೋಳಬಲವೇ ಒಡೆತನಕ್ಕೆ ಆಧಾರವಾಗಿದ್ದರೆ ಈ ವ್ಯತ್ಯಾಸ ಇರುತ್ತಿರಲಿಲ್ಲ.

ನಮ್ಮ ಕರಾವಳಿಯತ್ತ ನೋಡಿದರೂ ಇದೇ ಮಾತು ಸ್ಪಷ್ಟವಾಗುತ್ತದೆ. ತುಳುನಾಡಿನ ಗದ್ದೆಗಳನ್ನು ಉತ್ತವರೂ ಗಂಡಸರೇ. ಆದರೂ ಅಲ್ಲಿನ ಅನೇಕ ಸಮುದಾಯಗಳಲ್ಲಿ ಆಸ್ತಿ ಹರಿದುಬಂದದ್ದು ತಾಯಿಯ ಕಡೆಯಿಂದ. ಅಳಿಯಸಂತಾನದ ಕುಟುಂಬದಲ್ಲಿ ಹಿರಿತನವಿದ್ದರೆ ಹೆಂಗಸೂ ಯಜಮಾನ್ತಿಯಾಗಬಹುದಿತ್ತು. ಈ ಕಟ್ಟಳೆಗೂ ದೈವದ ಹಿನ್ನೆಲೆಯ ಕಥೆಯೊಂದಿದೆ. ಹಡಗು ನೀರಿಗಿಳಿಯಲು ನರಬಲಿ ಕೇಳಿದ ಭೂತಕ್ಕೆ ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪದಾಗ, ಅರಸನ ತಂಗಿ ತನ್ನ ಮಗನನ್ನು ಒಪ್ಪಿಸಿದಳು. ಬದುಕುಳಿದ ಆ ಸೋದರಳಿಯನಿಗೇ ರಾಜ್ಯ ಸಂದಿತು ಎಂಬ ಭೂತಾಳಪಾಂಡ್ಯನ ಐತಿಹ್ಯ ಪ್ರಸಿದ್ಧ. ಒಂದೇ ನೇಗಿಲು, ಅದನ್ನು ಹಿಡಿದದ್ದೂ ಗಂಡಸೇ. ಆದರೆ ಎರಡು ಬಗೆಯ ಒಡೆತನ, ಎರಡಕ್ಕೂ ದೈವದ ಒಪ್ಪಿಗೆ. ಅಂದ ಮೇಲೆ ಯಾವ ಬಗೆಯನ್ನು ಆರಿಸಿಕೊಳ್ಳಬೇಕೆಂದು ತೀರ್ಮಾನಿಸಿದ್ದು ಮನುಷ್ಯರೇ ಅಲ್ಲವೇ?

ಪ್ರಾಣಕ್ಕೇ ಸಂಚಕಾರ ಬಂದಾಗ ನಿಯಮ ತಾನೇ ಬಾಗಿದ್ದಕ್ಕೂ ದಾಖಲೆಯಿದೆ. 1873-74ರ ಗೋರಖಪುರದ ಬರಗಾಲದಲ್ಲಿ ಹೆಂಗಸರು ರಾತ್ರಿಯ ಹೊತ್ತು, ಗಂಡಸರ ಕಣ್ಣಿಗೆ ಬೀಳದಂತೆ, ತಾವೇ ನೇಗಿಲನ್ನೆಳೆದು ಹೊಲ ಉತ್ತು ಮಳೆಗಾಗಿ ಪ್ರಾರ್ಥಿಸಿದ್ದನ್ನು ಬ್ರಿಟಿಷ್ ಅಧಿಕಾರಿ ವಿಲಿಯಂ ಕ್ರೂಕ್ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಹೆಣ್ಣು ಉತ್ತರೆ ಮಳೆ ಹೋಗುತ್ತದೆ ಎಂದ ಸಂಪ್ರದಾಯವೇ, ಮಳೆ ಹೋದಾಗ ಹೆಣ್ಣಿನಿಂದ ಉಳಿಸಿತು!

ಇಂದು ಜೋಡೆತ್ತು ಅಪರೂಪವಾಗುತ್ತಿದೆ. ಟ್ರ್ಯಾಕ್ಟರಿಗೆ ತೋಳಬಲ ಬೇಕಿಲ್ಲ. ಕಾರಣ ಕರಗಿದೆ, ನಿಯಮ ಉಳಿದಿದೆ. 2022ರಲ್ಲಿ ಜಾರ್ಖಂಡಿನ ಗುಮ್ಲಾ ಜಿಲ್ಲೆಯಲ್ಲಿ ಯುವತಿಯೊಬ್ಬಳು ಟ್ರ್ಯಾಕ್ಟರ್ ನಡೆಸಿ ಹೊಲ ಉತ್ತದ್ದಕ್ಕೆ ಊರಿನ ಸಭೆ ಆಕ್ಷೇಪಿಸಿತು. ಊರಿಗೆ ಕೇಡು ಬರುತ್ತದೆಂಬ ಹಳೆಯ ಭಯವೇ ಅಲ್ಲಿಯೂ ಮಾತನಾಡಿತು.

ಇದನ್ನು ದೂರದ ಹಳ್ಳಿಯ ಮೌಢ್ಯವೆಂದು ತಳ್ಳಿಹಾಕುವ ಮುನ್ನ ನಮ್ಮದೇ ಪ್ರಗತಿಪರ ಕಾನೂನನ್ನು ನೆನೆಯೋಣ. 1974ರ ಭೂಸುಧಾರಣೆ ಕರ್ನಾಟಕದ ಚರಿತ್ರೆಯ ದೊಡ್ಡ ಹೆಜ್ಜೆ. ಲಕ್ಷಾಂತರ ಗೇಣಿದಾರರ ಬಾಳಿಗೆ ಅದು ಬೆಳಕು ತಂದಿತು. ಆದರೆ ಅದರ ಘೋಷಣೆಯೇನು? ‘ಉಳುವವನೇ ಹೊಲದೊಡೆಯ.’ ಕುಟುಂಬದ ಪರವಾಗಿ ಅರ್ಜಿ ಹಾಕಿದವರು, ಹಕ್ಕುಪತ್ರ ಪಡೆದವರು ಬಹುಪಾಲು ಗಂಡಸರು. ನಾಟಿ ಹಾಕಿದವಳು, ಕಳೆ ಕಿತ್ತವಳು ಆ ಘೋಷಣೆಯ ವ್ಯಾಕರಣದಲ್ಲಿ ಇರಲಿಲ್ಲ. ದೇವರ ಹೆಸರಿಲ್ಲದೆಯೂ ನೇಗಿಲ ನಿಷೇಧ ಕಾನೂನಿನೊಳಗೆ ನುಸುಳಬಲ್ಲದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಮುಂದೆ ಕಾನೂನು ತಿದ್ದಿಕೊಂಡಿತು. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡುವ ತಿದ್ದುಪಡಿ ತಂದಿತು, ಆ ವೇಳೆಗಾಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ ತಿದ್ದುಪಡಿ ಇಡೀ ದೇಶಕ್ಕೆ ಆ ಹಕ್ಕನ್ನು ವಿಸ್ತರಿಸಿತು. ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕಾಗಿರಲಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಆದರೆ 2015-16ರ ಕೃಷಿ ಗಣತಿಯಲ್ಲಿ ದೇಶದ ಸಾಗುವಳಿ ಹಿಡುವಳಿಗಳ ಪೈಕಿ ಮಹಿಳೆಯರ ಕೈಯಲ್ಲಿದ್ದದ್ದು ಶೇ 14ರಷ್ಟು ಮಾತ್ರ. ಕಾಯ್ದೆ ಕೊಟ್ಟ ಹಕ್ಕನ್ನು ಹಕ್ಕು ಬಿಡುಗಡೆ ಪತ್ರದ ಮೇಲಿನ ಒಂದು ಸಹಿ ಕಸಿದುಕೊಳ್ಳುತ್ತದೆ. ಪಾಲು ಕೇಳಿದರೆ ತವರು ತಪ್ಪುತ್ತದೆ ಎಂಬ ಭಯ ಆ ಸಹಿಯನ್ನು ಹಾಕಿಸುತ್ತದೆ.

ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಬೆಳೆಸಾಲ, ಬೆಳೆವಿಮೆ, ಬರ ಪರಿಹಾರ ಎಲ್ಲವೂ ದೂರ. ಸಾಲದ ಹೊರೆಯಿಂದ ಗಂಡ ಆತ್ಮಹತ್ಯೆ ಮಾಡಿಕೊಂಡ ಮನೆಯಲ್ಲಿ ಮರುದಿನದಿಂದ ಬೇಸಾಯ ನಡೆಸಬೇಕಾದ ಹೆಂಗಸು, ದಾಖಲೆಯಲ್ಲಿ ರೈತಳೇ ಅಲ್ಲ. ಈ ಅನ್ಯಾಯವನ್ನು ಕಂಡೇ ಎಂ.ಎಸ್. ಸ್ವಾಮಿನಾಥನ್ ಮಹಿಳಾ ರೈತರ ಹಕ್ಕುಗಳ ಮಸೂದೆಯೊಂದನ್ನು 2012ರಲ್ಲಿ ರಾಜ್ಯಸಭೆಯಲ್ಲಿ ಖಾಸಗಿಯಾಗಿ ಮಂಡಿಸಿದ್ದರು. ಅದು ಕಾಯ್ದೆಯಾಗದೆ ಬಿದ್ದುಹೋಯಿತು. ವಿಶ್ವಸಂಸ್ಥೆ 2026ನ್ನು ಅಂತರರಾಷ್ಟ್ರೀಯ ರೈತ ಮಹಿಳೆಯರ ವರ್ಷವೆಂದು ಘೋಷಿಸಿದೆ. ವೇದಿಕೆಗಳ ಮೇಲೆ ಹಾರ ಹಾಕುವುದರ ಬದಲು ಪಹಣಿಯಲ್ಲಿ ಹೆಂಡತಿಯ ಹೆಸರನ್ನೂ ಜಂಟಿಯಾಗಿ ಸೇರಿಸುವ ಅಭಿಯಾನ ನಡೆದರೆ ಆ ಘೋಷಣೆಗೆ ಅರ್ಥ ಬಂದೀತು.

ಪೂರ್ವಿಕರನ್ನು ಗೇಲಿ ಮಾಡುವುದರಿಂದ ಇದು ಆಗುವ ಕೆಲಸವಲ್ಲ. ಹಸಿವಿನ, ಬರದ, ಶಿಶುಮರಣದ ನಡುವೆ ಅವರು ತಮಗೆ ತಿಳಿದಂತೆ ಬದುಕನ್ನು ಕಾಪಾಡಿಕೊಂಡರು. ಅಗತ್ಯಕ್ಕೆ ತಕ್ಕಂತೆ ನಿಯಮ ಮಾಡಿಕೊಳ್ಳುವುದೇ ಅವರ ಪರಂಪರೆಯಾಗಿದ್ದರೆ, ಅಗತ್ಯ ಬದಲಾದಾಗ ನಿಯಮವನ್ನೂ ಬದಲಿಸುವುದು ಆ ಪರಂಪರೆಗೆ ಬಗೆಯುವ ದ್ರೋಹವಲ್ಲ. ಉಳುವವನೇ ಒಡೆಯ ಎಂದು ಅರ್ಧ ಶತಮಾನದ ಹಿಂದೆ ಒಪ್ಪಿದ ನಾಡು, ಉಳಬಾರದೆಂದು ತಾನೇ ತಡೆದವಳ ಪಾಲನ್ನು ಇನ್ನೆಷ್ಟು ಕಾಲ ಬಾಕಿ ಉಳಿಸಿಕೊಳ್ಳುತ್ತದೆ?