ಬಂಡೆ ಸೀಳುವ ಬಲ ಗಿಟ್ಟಿಯೊಳಗೆ!

ಕೊಳಾಲದ ಮನೆಯೊಂದರಲ್ಲಿ ಗೋಡೆಗೆ ಫ್ಯಾನು ಕೂರಿಸುತ್ತಿದ್ದರು. ಎಲೆಕ್ಟ್ರಿಷಿಯನ್ ಡ್ರಿಲ್ ಹಿಡಿದು ತೂತು ಕೊರೆದರು, ಫೂ ಎಂದು ಊದಿ ಧೂಳು ಹಾರಿಸಿದರು. ಜೇಬಿನಿಂದ ಪುಟ್ಟ ಪ್ಲಾಸ್ಟಿಕ್ ತುಂಡೊಂದನ್ನು ತೆಗೆದು ಸುತ್ತಿಗೆಯಲ್ಲಿ ಎರಡೇಟು ಕೊಟ್ಟರು.

‘ಏನಣ್ಣ ಅದು?’

‘ಗಿಟ್ಟಿ ಸಾ. ಇದಿಲ್ಲ ಅಂದ್ರೆ ಸ್ಕ್ರೂ ನಿಲ್ಲಲ್ಲ.’

ಒಂದನ್ನು ಕೇಳಿ ಪಡೆದೆ. ಮೈತುಂಬ ಹಲ್ಲು, ಪಕ್ಕದಲ್ಲಿ ತೂತಿನೊಳಗೆ ತಿರುಗದಂತೆ ತಡೆಯುವ ಪುಟಾಣಿ ರೆಕ್ಕೆ, ನಡುವೆ ಉದ್ದಕ್ಕೆ ಸೀಳು. ಸ್ಕ್ರೂ ತಿರುಗಿಸಿದೆ ನೋಡಿ, ಬಲಿತ ಅವರೆಕಾಯಿ ಬಿರಿದ ಹಾಗೆ ಎರಡು ಹೋಳಾಗಿ ಅಗಲಿತು! ಮೈ ಜುಮ್ಮೆಂದಿತು. ಅರೆ, ಇದು ನಮ್ಮ ಬೆಣೆಯಲ್ಲವೇ!

ಏಕಶಿಲೆಯ ಮಧುಗಿರಿ ಬೆಟ್ಟದ ಸೀಮೆಯಿದು. ಕಲ್ಲು ಒಡೆಯುವವರು ಬಂಡೆಗೆ ಸಾಲಾಗಿ ಕುಳಿ ಹೊಡೆದು, ಕಬ್ಬಿಣದ ಬೆಣೆ ಇಟ್ಟು ಬಡಿಯುತ್ತಾರೆ. ಬೆಣೆ ಎರಡೂ ಕಡೆಗೆ ಒತ್ತುತ್ತದೆ, ಬಂಡೆ ಸೀಳುತ್ತದೆ. ಗಿಟ್ಟಿಯದೂ ಅದೇ ಒತ್ತಡ. ಆದರೆ ಸುತ್ತಲ ಗೋಡೆ ಜಗ್ಗುವುದಿಲ್ಲ. ಆಗ ಒತ್ತಡವೇ ಹಿಡಿತವಾಗುತ್ತದೆ, ಘರ್ಷಣೆಯೇ ಫ್ಯಾನಿನ ಭಾರ ಹೊರುತ್ತದೆ. ಅಲ್ಲಿ ಒಡೆಯುವ ಬಲ ಇಲ್ಲಿ ಕಾಯುತ್ತದೆ!

ಇದರ ಪೂರ್ವಜ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1911ರಲ್ಲಿ. ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆ ಕೆಡದಂತೆ ವಿದ್ಯುತ್ ಸಾಮಾನು ಕೂರಿಸಬೇಕಿತ್ತು. ಜಾನ್ ಜೋಸೆಫ್ ರಾಲಿಂಗ್ಸ್ ಸೆಣಬಿನ ನಾರನ್ನು ಅಂಟಿನಿಂದ ಬಿಗಿದು ಬಿರಡೆ ಮಾಡಿದ. ಹೌದು, ಗೋಣಿಚೀಲದ ಸೆಣಬು! ‘ರಾಲ್‌ಪ್ಲಗ್’ ಎಂಬ ಹೆಸರು ಬಂದದ್ದು ಅವನಿಂದಲೇ. 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ನೈಲಾನ್ ಗಿಟ್ಟಿ ತಂದ. ಬೀಗ ಮಾಡುವ ಕಸುಬು ಕಲಿತಿದ್ದ ಈತನ ಹೆಸರಿನಲ್ಲಿ ಸಾವಿರಕ್ಕೂ ಹೆಚ್ಚು ಪೇಟೆಂಟ್‌ಗಳಿವೆ.

ಜಿಪ್ಸಮ್ ಹಲಗೆಯ ಗೋಡೆಗೆ ಬಂದರೆ ಬೆರಗು ಇನ್ನೊಂದು. ಹಿಂದೆಲ್ಲ ಟೊಳ್ಳು, ಒತ್ತಲು ಗೋಡೆಯೇ ಇಲ್ಲ. ಅದಕ್ಕೆಂದೇ ಇರುವ ಗಿಟ್ಟಿ ಹಲಗೆಯ ಬೆನ್ನಿಗೆ ಹೋಗಿ ತನ್ನನ್ನೇ ಮಡಚಿಕೊಂಡು ಗಂಟಾಗುತ್ತದೆ. ಅಂಗಿಯ ಗುಂಡಿ ಕಾಜದಾಚೆ ಅಡ್ಡ ನಿಂತ ಹಾಗೆ!

ಇಷ್ಟೆಲ್ಲ ಮಾಡುವ ಗಿಟ್ಟಿ ನಮ್ಮಿಂದ ಕೇಳುವುದು ಇಷ್ಟೇ: 6 ಎಂಎಂ ಗಿಟ್ಟಿಗೆ 6 ಎಂಎಂ ಬಿಟ್ಟೇ ಹಾಕಿ, ತೂತು ಗಿಟ್ಟಿಗಿಂತ ತುಸು ಆಳವಿರಲಿ, ಧೂಳು ಊದಿ ತೆಗೆಯಿರಿ. ತೂತು ದೊಡ್ಡದಾದರೆ ಬೆಂಕಿಕಡ್ಡಿ ತುರುಕಬೇಡಿ, ದೊಡ್ಡ ಗಿಟ್ಟಿಯನ್ನೇ ತನ್ನಿ.